ನಿಮಗಿದು ಗೊತ್ತೇ? ಬಡಕಲು ಕರದಿಂದ ಭರ್ಜರಿ ಜೋಡಿಯವರೆಗೆ

ದನ ಕಟ್ಟಿ, ಮೇಯಿಸಿ, ಮೈ ತುಂಬಿಸಿ ಮಾರುವುದು ಜಗತ್ತಿನ ಹಲವೆಡೆ ಸಣ್ಣ ರೈತರ ಹಳೆಯ ಕಸುಬು. ಬಹುತೇಕ ಕಡೆ ಅದಕ್ಕೆ ಕಿಲೋ ಲೆಕ್ಕದಲ್ಲಿ ಬೆಲೆ. ಬೆಳಗಾವಿ ಜಿಲ್ಲೆಯ ಕಲ್ಲೋಳಿ ಕಡೆ, ಅಂದರೆ ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯಲ್ಲಿ, ಅದೇ ಕಸುಬಿಗೆ ಬೇರೆ ರೂಪ. ಇಲ್ಲಿ ಮಾರುವುದು ಜೋಡಿ: ಬಣ್ಣ, ಎತ್ತರ, ಕೋಡು, ನಡಿಗೆ ಹೊಂದಿದ ಎರಡು ಎತ್ತು. ಎರಡು ಎಕರೆಯವನ ಮನೆಯಲ್ಲಿ ಮಗಳ ಮದುವೆ, ಬೋರ್‌ವೆಲ್‌, ಬ್ಯಾಂಕಿನ ಸಾಲ ಯಾವುದೇ ಇರಲಿ, ಮೊದಲು ಕಣ್ಣು ಹೋಗುವುದು ಗೋದಲಿಯ ಕಡೆಗೇ. ಆ ಗೋದಲಿಯ ಸುತ್ತಮುತ್ತಲಿನ ಕೆಲವು ಸಂಗತಿ ಇಲ್ಲಿವೆ.

● ಜಾಣ ರೈತ ಸಂತೆಯಲ್ಲಿ ಹುಡುಕುವುದು ದುಂಡಗಿನ ಕರವನ್ನಲ್ಲ. ಚೌಕಟ್ಟು ದೊಡ್ಡದಿದ್ದು ಮೈಯಲ್ಲಿ ಮಾಂಸವಿಲ್ಲದ್ದನ್ನು. ಮೇವಿಲ್ಲದೆ ಸೊರಗಿದ ಪ್ರಾಣಿಗೆ ಒಳ್ಳೆಯ ಮೇವು ಸಿಕ್ಕಾಗ ಅದು ಅದೇ ವಯಸ್ಸಿನ ಬೇರೆ ಕರಗಳಿಗಿಂತ ವೇಗವಾಗಿ ಮೈ ಹಿಡಿಯುತ್ತದೆ. ಹಿಂದೆ ಬಿದ್ದ ಬೆಳವಣಿಗೆಯನ್ನು ದೇಹ ಬೆನ್ನಟ್ಟಿ ತುಂಬಿಕೊಳ್ಳುವ ಈ ಗುಣವೇ ಇಡೀ ಕಸುಬಿನ ಬಂಡವಾಳ. ಆದರೆ ತಾಯಿಯ ಹಾಲು ಕುಡಿಯುವ ಕಾಲದಲ್ಲೇ ಹಸಿದ ಕರ ಪೂರ್ತಿ ಚೇತರಿಸಿಕೊಳ್ಳುವುದು ಕಷ್ಟ. ಮೂಳೆ ಸಣ್ಣದಾಗಿಯೇ ಉಳಿದರೆ ಎಷ್ಟು ಹಿಂಡಿ ಹಾಕಿದರೂ ಎತ್ತರ ಬರದು.

● ಹೊಟ್ಟೆ ಡೊಳ್ಳು, ಬೆನ್ನೆಲುಬು ಎದ್ದು ಕಾಣುತ್ತದೆ, ರೋಮ ಒರಟು. ಇದು ಹಲವು ಸಲ ಜಂತುಹುಳದ ಕೆಲಸ. ಸಂತೆಯಲ್ಲಿ ಇಂಥ ಕರ ಅಗ್ಗಕ್ಕೆ ಸಿಗುತ್ತದೆ. ಮನೆಗೆ ತಂದವರು ಹಿಂಡಿಯ ಚೀಲ ಬಿಚ್ಚುವ ಮೊದಲು ಜಂತಿನ ಔಷಧಿ ಕುಡಿಸಬೇಕು. ಇಲ್ಲದಿದ್ದರೆ ಹಿಂಡಿ ತಿನ್ನುವುದು ಹುಳ.

● ದನದ ಮೇಲಿನ ದವಡೆಯ ಮುಂಭಾಗದಲ್ಲಿ ಹಲ್ಲೇ ಇಲ್ಲ. ಕೆಳಗಿನ ಎಂಟು ಬಾಚಿಹಲ್ಲೇ ಅದರ ಜನ್ಮದಾಖಲೆ. ಹಾಲುಹಲ್ಲು ಬಿದ್ದು ಎರಡು ದೊಡ್ಡ ಹಲ್ಲು ಬಂದರೆ ಸುಮಾರು ಎರಡರಿಂದ ಎರಡೂವರೆ ವರ್ಷ, ನಾಲ್ಕು ಬಂದರೆ ಮೂರರ ಆಸುಪಾಸು, ಆರಕ್ಕೆ ಮೂರೂವರೆ, ಎಂಟೂ ಬಂದು ಬಾಯಿಗೂಡಿದರೆ ನಾಲ್ಕು ದಾಟಿತು. ಪೇಟೆಯಲ್ಲಿ ಯಾರೂ ವರ್ಷ ಕೇಳುವುದಿಲ್ಲ. "ಎಷ್ಟ ಹಲ್ಲಾಗ್ಯಾವ?" ಎನ್ನುತ್ತಾರೆ. ಹಾಲುಹಲ್ಲಿನಲ್ಲಿ ಕೊಂಡು ನಾಲ್ಕರಿಂದ ಆರು ಹಲ್ಲಿನಲ್ಲಿ ಮಾರಿದವನಿಗೆ ಬೆಳವಣಿಗೆಯ ಲಾಭವೂ ಸಿಕ್ಕಿತು, ನಡುವೆ ಹೊಲದ ಕೆಲಸವೂ ಸಿಕ್ಕಿತು. ಬಾಯಿಗೂಡಿದ ಮೇಲೂ ಕೆಲವು ವರ್ಷ ಎತ್ತಿಗೆ ಬೆಲೆ ಇರುತ್ತದೆ, ಆದರೆ ಏರುವುದಿಲ್ಲ. ಆಮೇಲೆ ಇಳಿಮುಖವೇ. ಈ ಕಸುಬಿನಲ್ಲಿ ಗೆದ್ದವರೂ ಸೋತವರೂ ಬಹುಪಾಲು ಮಾರುವ ಹೊತ್ತಿನ ಲೆಕ್ಕದಲ್ಲೇ ಗೆದ್ದು ಸೋತವರು ಎಂದು ನನಗನಿಸುತ್ತದೆ.

● ತಕ್ಕಡಿ ಇಲ್ಲದೆ ದನದ ತೂಕ ತಿಳಿಯಲು ದರ್ಜಿಯ ಟೇಪು ಸಾಕು. ಮುಂಗಾಲಿನ ಹಿಂದೆ ಎದೆಯ ಸುತ್ತಳತೆಯನ್ನು ಸೆಂಟಿಮೀಟರಿನಲ್ಲಿ ತೆಗೆಯಿರಿ. ಅದನ್ನು ಅದರಿಂದಲೇ ಗುಣಿಸಿ, ಭುಜದ ತುದಿಯಿಂದ ಹಿಂಬದಿಯ ಮೂಳೆಯವರೆಗಿನ ಉದ್ದದಿಂದ ಮತ್ತೆ ಗುಣಿಸಿ, 10,840ರಿಂದ ಭಾಗಿಸಿ. ಸುತ್ತಳತೆ 160, ಉದ್ದ 135 ಇದ್ದರೆ ತೂಕ ಹೆಚ್ಚುಕಡಿಮೆ 319 ಕಿಲೋ. ಅಂದಾಜಷ್ಟೇ ನಿಜ. ಆದರೆ ತಿಂಗಳಿಗೊಮ್ಮೆ ಅಳೆದು ಕೊಟ್ಟಿಗೆಯ ಗೋಡೆಗೆ ಸೀಮೆಸುಣ್ಣದಲ್ಲಿ ಬರೆದಿಟ್ಟರೆ ಹಾಕಿದ ಹಿಂಡಿ ಮೈಗೆ ಹತ್ತುತ್ತಿದೆಯೋ ಇಲ್ಲವೋ ತಿಳಿಯುತ್ತದೆ.

● ಈ ಸೀಮೆಯ ಅಚ್ಚುಮೆಚ್ಚಿನ ತಳಿ ಖಿಲಾರಿ. ಬೆಳಗಾವಿ, ವಿಜಯಪುರದಿಂದ ಸೊಲ್ಲಾಪುರ, ಸಾಂಗ್ಲಿ, ಸಾತಾರಾವರೆಗೆ ಇದರದೇ ದರ್ಬಾರು. ಬಿಳಿ ಮೈ, ಹಿಂದಕ್ಕೆ ಬಾಗಿ ಮೇಲೆದ್ದ ಉದ್ದ ಕೋಡು, ಚುರುಕು ಕಾಲು. ಹಾಲು ಕಡಿಮೆ, ಸಿಟ್ಟು ಜಾಸ್ತಿ. ಹಾವೇರಿ ಜಿಲ್ಲೆಯ ಬಂಕಾಪುರದ ಕೋಟೆಯೊಳಗೆ ಸರ್ಕಾರದ ಖಿಲಾರಿ ತಳಿ ಸಂವರ್ಧನಾ ಕೇಂದ್ರವಿದೆ. ಅದೇ ಕೋಟೆಯ ಆವರಣ ನವಿಲುಧಾಮವೂ ಹೌದು.

● ಇನ್ನೊಂದು ತಳಿಯ ಕಥೆ ಇದಕ್ಕಿಂತ ಸ್ವಾರಸ್ಯದ್ದು. ಕೃಷ್ಣಾ, ಘಟಪ್ರಭಾ, ಮಲಪ್ರಭಾ ತೀರದ ಎರೆಹೊಲಕ್ಕೆ, ಮಳೆ ಬಿದ್ದರೆ ಕಾಲು ಕಚ್ಚಿ ಹಿಡಿಯುವ ಆ ಮಣ್ಣಿಗೆ, ಭಾರೀ ಮೈಯ ಎತ್ತು ಬೇಕಿತ್ತು. 19ನೇ ಶತಮಾನದ ಕೊನೆಯ ಭಾಗದಲ್ಲಿ ಇಲ್ಲಿನ ಸಂಸ್ಥಾನಿಕರ ಆಸಕ್ತಿಯಿಂದ ಗುಜರಾತಿನ ಗೀರ್, ಆಂಧ್ರದ ಒಂಗೋಲ್ ಮತ್ತು ಸ್ಥಳೀಯ ದನಗಳ ರಕ್ತ ಕೂಡಿಸಿ ಕಟ್ಟಿದ್ದು ಕೃಷ್ಣಾ ವ್ಯಾಲಿ ತಳಿ. ಟ್ರ್ಯಾಕ್ಟರ್‌ ಬಂತು, ಭಾರೀ ಎತ್ತಿನ ಹೊಟ್ಟೆಯೂ ಭಾರೀ ಎಂಬುದು ನೆನಪಾಯಿತು, ತಳಿ ಅಳಿವಿನ ಅಂಚಿಗೆ ಸರಿಯಿತು. ಇಂದು ಶುದ್ಧ ಕೃಷ್ಣಾ ವ್ಯಾಲಿ ಹೋರಿ ಹುಡುಕಲು ಊರೂರು ತಿರುಗಬೇಕು.

ಆದರೆ ಅದರ ರಕ್ತ ಅಮೆರಿಕದಲ್ಲಿ ಹರಿಯುತ್ತಿದೆ! ಬಿಸಿಲು, ಉಣ್ಣೆ ತಡೆಯುವ ದನ ಬೇಕೆಂದು ಅಮೆರಿಕದವರು ಭಾರತದ ಗೀರ್, ಕಾಂಕ್ರೇಜ್, ನೆಲ್ಲೂರು ತಳಿಗಳ ಜತೆ ಕೃಷ್ಣಾ ವ್ಯಾಲಿಯನ್ನೂ ಬಳಸಿ 'ಬ್ರಾಹ್ಮನ್' ಎಂಬ ತಳಿ ಕಟ್ಟಿದರು. ಅದರ ಸಾಕಣೆದಾರರ ಸಂಘ ಹುಟ್ಟಿದ್ದು 1924ರಲ್ಲಿ. ನಮ್ಮಲ್ಲಿ ರಂಟೆ ಎಳೆಯಲು ಹುಟ್ಟಿದ ತಳಿ ಅಲ್ಲಿ ಮಾಂಸಕ್ಕಾಗಿ ಕೊಬ್ಬಿಸುವ ದನಕ್ಕೆ ಅಜ್ಜನಾಯಿತು.

● ಘಟಪ್ರಭೆಗೆ ಧೂಪದಾಳದಲ್ಲಿ ಒಡ್ಡು ಕಟ್ಟಿ ಮುಗಿದದ್ದು 1897ರಲ್ಲಿ. ಆಮೇಲೆ ಹುಕ್ಕೇರಿ ತಾಲ್ಲೂಕಿನಲ್ಲಿ 51 ಟಿಎಂಸಿ ನೀರು ಹಿಡಿಯುವ ಹಿಡಕಲ್‌ ಜಲಾಶಯ ಬಂತು. ಕಾಲುವೆ ಹರಿದಲ್ಲೆಲ್ಲ ಕಬ್ಬು. ಗಾಣ ಹಂಗಾಮಿನಲ್ಲಿ ಕಲ್ಲೋಳಿ ಕಡೆಯ ದನಗಳಿಗೆ ಕಬ್ಬಿನ ಹಸಿರು ಸೋಗೆಯೇ ಹಬ್ಬ. ಕಟಾವಿನ ಗ್ಯಾಂಗಿನವರೇ ಸಿವುಡು ಕಟ್ಟಿ ಮಾರುವುದೂ ಉಂಟು. ಆದರೆ ಬರೀ ಸೋಗೆಯಿಂದ ಎತ್ತು ಕಟ್ಟಲಾಗದು. ಅದರಲ್ಲಿ ಪ್ರೋಟೀನ್‌ ಕಡಿಮೆ, ಆಕ್ಸಲೇಟ್‌ ಎಂಬ ಅಂಶ ಜಾಸ್ತಿ. ಆಕ್ಸಲೇಟ್‌ ಹೊಟ್ಟೆಯಲ್ಲಿ ಸುಣ್ಣದಂಶವನ್ನು ಹಿಡಿದು ಹೊರಹಾಕುತ್ತದೆ. ತಿಂಗಳುಗಟ್ಟಲೆ ಸೋಗೆಯನ್ನೇ ತಿಂದ ಹೋರಿಯ ಮೂಳೆ ಸಡಿಲಾಗುವುದು ಹೀಗೆ. ಖನಿಜ ಮಿಶ್ರಣ, ಒಂದಿಷ್ಟು ಒಣ ಕಣಕಿ, ಒಂದಿಷ್ಟು ದ್ವಿದಳ ಮೇವು ಜತೆಗಿರಲೇಬೇಕು.

● ಎಳೆ ಜೋಳದ ಪೈರು ದನಕ್ಕೆ ವಿಷ. ಹೂ ಬರುವ ಮುನ್ನ, ಅದರಲ್ಲೂ ಮಳೆ ಕೈಕೊಟ್ಟು ಬಾಡಿದ ಪೈರಿನಲ್ಲಿ, ಕೊಯ್ದ ಕೂಳೆಯಿಂದ ಚಿಗುರಿದ ಕುಡಿಯಲ್ಲಿ ಸಯನೈಡ್‌ ಹುಟ್ಟಿಸುವ ಅಂಶ ಇರುತ್ತದೆ. ಬೇಲಿ ಹಾರಿ ಹೊಲ ಹೊಕ್ಕ ಎತ್ತು ಗಳಿಗೆಯೊಳಗೆ ನೆಲಕ್ಕುರುಳುವುದು ಇದರಿಂದಲೇ. ಅದೇ ಜೋಳ ತೆನೆ ಬಲಿತ ಮೇಲೆ ಉತ್ತರ ಕರ್ನಾಟಕದ ದನಗಳ ನಿತ್ಯದ ಊಟ.

● ಒಣಮೇವಿಗೆ ಯೂರಿಯಾ! ಹೊಲಕ್ಕೆ ಹಾಕುವ ಅದೇ ಯೂರಿಯಾ. 100 ಕಿಲೋ ಒಣ ಹುಲ್ಲಿಗೆ 4 ಕಿಲೋ ಯೂರಿಯಾವನ್ನು 40ರಿಂದ 50 ಲೀಟರ್‌ ನೀರಿನಲ್ಲಿ ಕರಗಿಸಿ ಪದರ ಪದರವಾಗಿ ಚಿಮುಕಿಸಿ, ತಾಡಪತ್ರಿ ಮುಚ್ಚಿ, ಗಾಳಿಯಾಡದಂತೆ 21 ದಿನ ಇಟ್ಟರೆ ಒರಟು ಹುಲ್ಲು ಮೆತ್ತಗಾಗಿ ಹೆಚ್ಚು ಜೀರ್ಣವಾಗುತ್ತದೆ, ಪ್ರೋಟೀನೂ ಏರುತ್ತದೆ. ಬಿಚ್ಚಿದ ಮೇಲೆ ಘಾಟು ಹೋಗುವಂತೆ ಗಾಳಿಗೆ ಹರಡಿ ಹಾಕಬೇಕು. ಆರು ತಿಂಗಳೊಳಗಿನ ಕರಕ್ಕೆ ಕೊಡುವಂತಿಲ್ಲ. ಯೂರಿಯಾ ನೀರನ್ನು ನೇರವಾಗಿ ಕುಡಿದ ದನ ಉಳಿಯುವುದು ಕಷ್ಟ.

ಇಂಥದ್ದನ್ನು ಕಣ್ಣಾರೆ ನೋಡಿ ಕಲಿಯಬೇಕೆಂದರೆ ಕಲ್ಲೋಳಿಯವರು ದೂರ ಹೋಗಬೇಕಿಲ್ಲ. ಹತ್ತಿರದ ತುಕ್ಕಾನಟ್ಟಿಯಲ್ಲೇ ಬರ್ಡ್ಸ್‌ ಸಂಸ್ಥೆಯ ಕೃಷಿ ವಿಜ್ಞಾನ ಕೇಂದ್ರವಿದೆ.

● 200 ಕಿಲೋ ತೂಗುವ ಹೋರಿಗೆ ದಿನಕ್ಕೆ ಸುಮಾರು 5 ಕಿಲೋ ಒಣಪದಾರ್ಥ ಬೇಕು, ಅಂದರೆ ಮೈತೂಕದ ಶೇ 2.5ರಷ್ಟು. ಹಸಿಮೇವಿನಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ನೀರೇ ಇರುವುದರಿಂದ ಬರೀ ಹಸಿಮೇವಿನಲ್ಲಿ ಇದನ್ನು ತುಂಬಿಸಲು 20–25 ಕಿಲೋ ಹಾಕಬೇಕಾಗುತ್ತದೆ.

● ಗಡಿಬಿಡಿಯಲ್ಲಿ ಮೈ ತುಂಬಿಸಲು ಹೊರಟವರು ದನ ಕಳೆದುಕೊಂಡದ್ದುಂಟು. ಹುಲ್ಲಿಗೆ ಒಗ್ಗಿದ ಹೊಟ್ಟೆಗೆ ಒಮ್ಮೆಲೇ ಗೋವಿನಜೋಳದ ನುಚ್ಚು ಸುರಿದರೆ ಅಲ್ಲಿನ ಸೂಕ್ಷ್ಮಜೀವಿಗಳ ಲೆಕ್ಕ ತಪ್ಪಿ ಹುಳಿ ಹೆಚ್ಚುತ್ತದೆ. ಮೇವು ಬಿಡುತ್ತದೆ, ಉಚ್ಚಿಕೊಳ್ಳುತ್ತದೆ, ಮಲಗಿಬಿಡುತ್ತದೆ. ಕಾಳು, ಹಿಂಡಿಯನ್ನು ಎರಡು ವಾರಗಳಲ್ಲಿ ಮೆಲ್ಲಮೆಲ್ಲಗೆ ಏರಿಸುವುದೇ ಸರಿಯಾದ ದಾರಿ.

● ಬೂಸ್ಟು ಹಿಡಿದ ಶೇಂಗಾ ಹಿಂಡಿ 'ದನಕ್ಕಲ್ಲವೇ, ನಡೆಯುತ್ತದೆ' ಎಂದು ಹಾಕುವ ಪದಾರ್ಥವಲ್ಲ. ಅದರಲ್ಲಿರುವ ಅಫ್ಲಾಟಾಕ್ಸಿನ್‌ ಯಕೃತ್ತನ್ನೇ ಕೆಡಿಸುತ್ತದೆ. ಕರಗಳಿಗೆ ಅಪಾಯ ಇನ್ನೂ ಹೆಚ್ಚು.

● ಪಂದ್ಯದ ಹೋರಿಗೆ ಹಾಲು, ತತ್ತಿ, ಬದಾಮಿ ತಿನ್ನಿಸುವ ಶೋಕಿ ಈ ಸೀಮೆಯಲ್ಲಿ ಜೋರು. ಮೆಲುಕು ಹಾಕುವ ಪ್ರಾಣಿಯ ಮೊದಲ ಹೊಟ್ಟೆಯಲ್ಲಿರುವ ಜೀವಾಣುಗಳಿಗೆ ತತ್ತಿಯ ಪ್ರೋಟೀನೂ ಒಂದೇ, ಹತ್ತಿಕಾಳು ಹಿಂಡಿಯ ಪ್ರೋಟೀನೂ ಹೆಚ್ಚುಕಡಿಮೆ ಒಂದೇ. ಎರಡರ ಬಹುಪಾಲನ್ನೂ ಒಡೆದು ತಮಗೆ ಬೇಕಾದಂತೆ ಕಟ್ಟಿಕೊಳ್ಳುತ್ತವೆ. ಬದಾಮಿಯ ನಿಜವಾದ ಲಾಭ ಮಾಲೀಕನ ಪ್ರತಿಷ್ಠೆಗೆ.

● ಕುದುರೆಗೆ ನಾಲ್ಕು ನಾಲ. ಎತ್ತಿಗೆ? ಎಂಟು. ಗೊರಸು ಸೀಳಿರುವುದರಿಂದ ಕಾಲಿಗೆ ಎರಡರಂತೆ ಬಡಿಯಬೇಕು.

● ಬೀಜ ಒಡೆಯಲು ಪಶು ಆಸ್ಪತ್ರೆಯಲ್ಲಿ ಬಳಸುವ ದೊಡ್ಡ ಇಕ್ಕಳದ ಹೆಸರು ಬರ್ಡಿಜೋ. ಅದು ಇಟಲಿಯವನೊಬ್ಬನ ಮನೆತನದ ಹೆಸರು. ರಕ್ತ ಬಾರದಂತೆ, ಚರ್ಮ ಸೀಳದಂತೆ ಒಳಗಿನ ನಾಳವನ್ನು ಮಾತ್ರ ಹಿಸುಕುವ ಈ ಸಾಧನ ಆತನದೇ. ಬೀಜ ಒಡೆಯದ ಹೋರಿ ಎತ್ತಿಗಿಂತ ಬೇಗ ಮೈ ಹಿಡಿಯುತ್ತದೆ, ಆದರೆ ನೊಗಕ್ಕೆ ಬಗ್ಗಿಸುವುದು ಕಷ್ಟ. ಆದ್ದರಿಂದ ಯಾವಾಗ ಒಡಿಸಬೇಕೆಂಬುದೂ ಒಂದು ವ್ಯಾಪಾರದ ಲೆಕ್ಕವೇ.

● ಕೋಡು ಹೆರೆದು ಹೊಳಪು ಬರಿಸಿದರೆ ಬೆಲೆ ಏರುತ್ತದೆ ಎಂಬುದು ನಿಜ. ಕೋಡಿನ ಕ್ಯಾನ್ಸರ್‌ ಎಂಬ ಕಾಯಿಲೆ ಭಾರತದ ಉದ್ದಕೋಡಿನ ದನಗಳಲ್ಲಿ ಹೆಚ್ಚು, ಆಕಳಿಗಿಂತ ಎತ್ತಿನಲ್ಲಿ ಹೆಚ್ಚು ಎಂಬುದೂ ನಿಜ. ತಲೆ ಒಂದು ಬದಿಗೆ ವಾಲುತ್ತಿದ್ದರೆ, ಮೂಗಿನ ಒಂದೇ ಹೊಳ್ಳೆಯಿಂದ ರಕ್ತಮಿಶ್ರಿತ ಸಿಂಬಳ ಬರುತ್ತಿದ್ದರೆ ಡಾಕ್ಟರಿಗೆ ತೋರಿಸಿ.

● ಮೈ, ಹಲ್ಲು, ಕೋಡು ಎಲ್ಲ ಸರಿಯಿದ್ದರೂ ಸುಳಿ ಸರಿಯಿಲ್ಲದಿದ್ದರೆ ವ್ಯಾಪಾರ ಮುರಿಯುತ್ತದೆ. ರೋಮದ ಸುಳಿಗೂ ಎತ್ತಿನ ಶಕ್ತಿಗೂ ಯಾವ ನಂಟೂ ಇಲ್ಲ. ಬೆಲೆಗೆ ಮಾತ್ರ ಇದೆ. ಆದ್ದರಿಂದ ಸುಳಿ ನಂಬದವನೂ ಕೊಳ್ಳುವಾಗ ಸುಳಿ ನೋಡಿಯೇ ಕೊಳ್ಳುತ್ತಾನೆ, ನಾಳೆ ಮಾರಬೇಕಲ್ಲ!

● ಒಂಟಿ ಹೋರಿಗೆ ಒಂದು ಬೆಲೆ, ಅದಕ್ಕೆ ಹೊಂದುವ ಇನ್ನೊಂದು ಸಿಕ್ಕ ದಿನ ಎರಡಕ್ಕೂ ಬೇರೆಯೇ ಬೆಲೆ. ಜೋಡಿ ಕೂಡಿಸುವುದರಲ್ಲೇ ಹೆಸರು ಮಾಡಿದ ರೈತರು ಈ ಭಾಗದಲ್ಲಿದ್ದಾರೆ. ಬೇರೆ ಬೇರೆ ಊರಿನಿಂದ ಎರಡು ಕರ ತಂದು, ವರ್ಷ ಸಾಕಿ, ಹಗುರ ಕುಂಟೆಗೆ ಕಟ್ಟಿ ಎಡ–ಬಲ ಕಲಿಸಿ, ಬಂಡಿಗೆ ಹೂಡಿ ಮಾರುತ್ತಾರೆ. ಯಾವುದು ಎಡಕ್ಕೆ, ಯಾವುದು ಬಲಕ್ಕೆ ಎಂಬುದು ಒಮ್ಮೆ ಕೂತರೆ ಮುಗಿಯಿತು, ಬದಲಿಸಿದರೆ ಎತ್ತು ಮುನಿಯುತ್ತದೆ. ಮುಂಗಾರು ಬಿತ್ತನೆಗೆ ಮುಂಚೆ ಜೋಡಿಗೆ ಗಿರಾಕಿ ಹೆಚ್ಚು. ಕಬ್ಬು ಸಾಗಿಸುವ ಬಂಡಿಯವರು ಕೊಳ್ಳುವುದು ಕಾರ್ಖಾನೆಗಳು ಗಾಣ ಹಚ್ಚುವ ಮುಂಚೆ. ಕಾರಹುಣ್ಣಿಮೆಗೆ ಸಿಂಗರಿಸಿ ಮೆರವಣಿಗೆ ಮಾಡಿದ ಜೋಡಿಯ ಮೇಲೆ ಊರವರ ಕಣ್ಣಿನ ಜತೆ ದಲಾಲರ ಕಣ್ಣೂ ಬಿದ್ದಿರುತ್ತದೆ.

● ಜಾತ್ರೆಗಳಲ್ಲಿ ತೆರಬಂಡಿ ಎಳೆಸುವ ಸ್ಪರ್ಧೆ ಎತ್ತಿನ ಜಾಹೀರಾತು ಇದ್ದ ಹಾಗೆ. ಭಾರ ಹೇರಿದ ಬಂಡಿಯನ್ನು ಗೊತ್ತುಪಡಿಸಿದ ಸಮಯದಲ್ಲಿ ಹೆಚ್ಚು ದೂರ ಎಳೆದ ಜೋಡಿಗೆ ಬಹುಮಾನ, ಆಮೇಲೆ ಬೆಲೆಯೂ ಜಿಗಿಯುತ್ತದೆ. 2014ರ ಮೇ 7ರಂದು ಸುಪ್ರೀಂ ಕೋರ್ಟ್‌ ಇಂಥ ಸ್ಪರ್ಧೆಗಳಿಗೆ ತಡೆ ಹಾಕಿತ್ತು. ಕರ್ನಾಟಕ 2017ರಲ್ಲಿ ಕಂಬಳ ಮತ್ತು ಎತ್ತಿನ ಬಂಡಿ ಓಟಕ್ಕೆ ಅವಕಾಶ ಕೊಟ್ಟು ಕಾನೂನು ತಿದ್ದಿತು. 2023ರ ಮೇ 18ರಂದು ಅದೇ ನ್ಯಾಯಾಲಯದ ಸಂವಿಧಾನ ಪೀಠ ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು.

● ಮೂಡಲಗಿಯ ದನದ ಪೇಟೆಯಿರಲಿ, ರಾಯಬಾಗ ತಾಲ್ಲೂಕಿನ ಚಿಂಚಲಿ ಮಾಯಕ್ಕನ ಜಾತ್ರೆಯಿರಲಿ, ಹಳಬರ ವ್ಯಾಪಾರದಲ್ಲಿ ಬೆಲೆಯ ಮಾತು ಕಿವಿಗೆ ಬೀಳುವುದಿಲ್ಲ. ಟವೆಲ್ಲಿನ ಕೆಳಗೆ ಕೈ ಹಿಡಿದು ಬೆರಳು ಒತ್ತುತ್ತಾರೆ. ಬೆರಳಿಗಿಷ್ಟು ಸಾವಿರ. ನೂರು ಜನರ ನಡುವೆ ನಿಂತಿದ್ದರೂ ಬೆಲೆ ಗೊತ್ತಿರುವುದು ಆ ಎರಡು ಕೈಗಳಿಗಷ್ಟೇ. ದಲಾಲನಿಗೆ ಇದರಿಂದ ಅನುಕೂಲ, ಮೊದಲ ಸಲ ಹೋರಿ ಹೊಡೆದುಕೊಂಡು ಬಂದ ಸಣ್ಣ ರೈತನಿಗೆ ಅಷ್ಟೇ ಅನನುಕೂಲ. ಪಕ್ಕದ ಜೋಡಿ ಎಷ್ಟಕ್ಕೆ ಹೋಯಿತೆಂದು ತಿಳಿಯದೆ ತನ್ನದಕ್ಕೆ ಬೆಲೆ ಕಟ್ಟುವುದು ಹೇಗೆ?

● ಒಂದು ಹೋರಿಗೆ ದಿನಕ್ಕೆ ಒಂದೂವರೆ ಕಿಲೋ ಹಿಂಡಿ–ಬೂಸಾ, ಕಿಲೋಗೆ 30 ರೂಪಾಯಿ ಎಂದು ಉದಾಹರಣೆಗೆ ಹಿಡಿದರೆ ಆರು ತಿಂಗಳಿಗೆ 8,100 ರೂಪಾಯಿ, ಜೋಡಿಗೆ 16,200. ಇದರ ಮೇಲೆ ಔಷಧಿ, ನಾಲ, ಹಗ್ಗ, ಪೇಟೆಗೆ ಟೆಂಪೊ ಬಾಡಿಗೆ. ಇಷ್ಟನ್ನು ಎಲ್ಲರೂ ಲೆಕ್ಕ ಹಾಕುತ್ತಾರೆ. ಬೆಳಗಿನ ಜಾವ ಎದ್ದು ಮೇವು ಕೊಯ್ದು ತಂದ, ಸಗಣಿ ಬಾಚಿದ, ನೀರು ತೋರಿಸಿದ ಮನೆಯ ಹೆಣ್ಣುಮಗಳ ಕೂಲಿಯನ್ನು ಮಾತ್ರ ಯಾರೂ ಹಿಡಿಯುವುದಿಲ್ಲ. ಟವೆಲ್ಲಿನ ಕೆಳಗಂತೂ ಆಕೆಯ ಕೈ ಇರುವುದೇ ಇಲ್ಲ.

● ಇಥಿಯೋಪಿಯಾದ ಪೂರ್ವಭಾಗದ ಹರಾರ್ಗೆ ಎಂಬ ಗುಡ್ಡಗಾಡಿನಲ್ಲಿ ತುಂಡುಭೂಮಿಯ ರೈತರು ಎಳೆ ಹೋರಿ ಕೊಂಡು, ಕೆಲವು ವರ್ಷ ಉಳುಮೆ ಮಾಡಿಸಿ, ಆಮೇಲೆ ಕೊಟ್ಟಿಗೆಯಲ್ಲೇ ಕಟ್ಟಿ ಗೋವಿನಜೋಳದ ಹೊಲದಿಂದ ಕಿತ್ತ ಹೆಚ್ಚುವರಿ ಸಸಿಗಳನ್ನು ಕೈಯಾರೆ ತಿನ್ನಿಸುತ್ತಾರೆ. ಹರಾರ್‌ ದನ ಅಲ್ಲಿನ ಪೇಟೆಯಲ್ಲಿ ಹೆಸರುವಾಸಿ. ಹೊಲ, ಮೇವು, ಹೋರಿ, ಕೈಕೆಲಸ ಎಲ್ಲ ನಮ್ಮ ಕಲ್ಲೋಳಿಯ ಹಾಗೆಯೇ. ಕೊನೆಯ ಗಿರಾಕಿ ಮಾತ್ರ ಬೇರೆ, ಅಲ್ಲಿ ಕಟುಕ.

● ಇಲ್ಲಿ ಆ ಗಿರಾಕಿಗೆ ಕಾನೂನು ಬಾಗಿಲು ಮುಚ್ಚಿದೆ. 1964ರ ಕರ್ನಾಟಕದ ಕಾಯ್ದೆ 12 ವರ್ಷ ದಾಟಿದ ಅಥವಾ ಕೆಲಸಕ್ಕೆ ಬಾರದ ಎತ್ತು, ಎಮ್ಮೆ, ಕೋಣಗಳ ವಧೆಗೆ ಪ್ರಮಾಣಪತ್ರದ ಮೇಲೆ ಅವಕಾಶ ಕೊಟ್ಟಿತ್ತು. 2021ರಲ್ಲಿ ಜಾರಿಗೆ ಬಂದ 2020ರ ಕಾಯ್ದೆಯಲ್ಲಿ ಉಳಿದದ್ದು 13 ವರ್ಷ ದಾಟಿದ ಎಮ್ಮೆ–ಕೋಣ ಮಾತ್ರ. ತಪ್ಪಿದರೆ 3ರಿಂದ 7 ವರ್ಷ ಜೈಲು. ಪಕ್ಕದ ಮಹಾರಾಷ್ಟ್ರದ್ದು ಇನ್ನೊಂದು ಬಗೆ: ಎತ್ತು–ಹೋರಿಗಳ ವಧೆ ನಿಷೇಧಿಸುವ ತಿದ್ದುಪಡಿ ಅಲ್ಲಿ 1995ರಲ್ಲೇ ಅಂಗೀಕಾರವಾಗಿದ್ದರೂ ರಾಷ್ಟ್ರಪತಿ ಅಂಕಿತ ಬಿದ್ದದ್ದು 2015ರಲ್ಲಿ. ಎಮ್ಮೆ–ಕೋಣಗಳು ಆ ನಿಷೇಧದಲ್ಲಿ ಇಲ್ಲ. ಕಾನೂನಿನ ಪರ–ವಿರೋಧ ಏನೇ ಇರಲಿ, ಸಣ್ಣ ರೈತನ ಲೆಕ್ಕದಲ್ಲಿ ಆಗಿರುವುದು ಇಷ್ಟು: ಮುದಿ ಎತ್ತಿಗೆ ಬೆಲೆ ಇಲ್ಲವಾಗಿದೆ, ಆದ್ದರಿಂದ ಹಲ್ಲು ಸವೆಯುವ ಮುನ್ನ ಕೈ ಬದಲಿಸುವ ಆತುರ ಹೆಚ್ಚಿದೆ.

● 2019ರ 20ನೇ ಜಾನುವಾರು ಗಣತಿಯಲ್ಲಿ ದೇಶದ ಒಟ್ಟು ಆಕಳು–ಎತ್ತುಗಳ ಸಂಖ್ಯೆ ತುಸು ಏರಿ 19.25 ಕೋಟಿ ಆಯಿತು. ಅದರೊಳಗೆ ಗಂಡು ದನ ಮಾತ್ರ 2012ಕ್ಕೆ ಹೋಲಿಸಿದರೆ ಶೇ 30ರಷ್ಟು ಕುಸಿದಿತ್ತು. ಎತ್ತು ಕಡಿಮೆಯಾದಂತೆ ಒಳ್ಳೆಯ ಜೋಡಿ ದುಬಾರಿಯಾಯಿತು. ಕಬ್ಬು, ಅರಿಷಿಣದ ಸಾಲುಗಳ ನಡುವೆ ಎಡೆ ಹೊಡೆಯಲು ಇಂದಿಗೂ ಎತ್ತೇ ಬೇಕೆನ್ನುವ ರೈತರಿದ್ದಾರೆ.

● ಹೋರಿಗೆ ಬಂಡವಾಳ ಸಾಲದವರಿಗೆ ಟಗರುಮರಿ. 2019ರ ಗಣತಿಯಂತೆ ಕರ್ನಾಟಕದಲ್ಲಿ ಕುರಿ 1.11 ಕೋಟಿ, ತೆಲಂಗಾಣ ಮತ್ತು ಆಂಧ್ರದ ನಂತರ ದೇಶದಲ್ಲಿ ಮೂರನೇ ಸ್ಥಾನ. ಮೂರು–ನಾಲ್ಕು ತಿಂಗಳ ಗಂಡುಮರಿ ತಂದು, ಮತ್ತೆ ಅಷ್ಟೇ ಕಾಲ ಕಟ್ಟಿ ಮೇಯಿಸಿ, ಬಕ್ರೀದ್‌ ಮುಂಚೆ ಮಾರುವುದು ಈ ಲೆಕ್ಕ. ಬಕ್ರೀದ್‌ ಚಾಂದ್ರಮಾನದ ಹಬ್ಬ, ವರ್ಷಕ್ಕೆ 10–11 ದಿನ ಹಿಂದಕ್ಕೆ ಸರಿಯುತ್ತದೆ. 2024ರಲ್ಲಿ ಜೂನ್‌ 17, 2025ರಲ್ಲಿ ಜೂನ್‌ 7. ಕ್ಯಾಲೆಂಡರ್‌ ನೋಡದೆ ಹೋದ ವರ್ಷದ ತಾರೀಕಿಗೇ ಮರಿ ಕಟ್ಟಿದವರು ಹಬ್ಬ ಮುಗಿದ ಮೇಲೆ ಪೇಟೆಗೆ ಬರುತ್ತಾರೆ.

ಇಲ್ಲೊಂದು ವಿಚಿತ್ರ: ಕರುಳುಬೇನೆಗೆ ಮೊದಲು ಬಲಿಯಾಗುವುದು ಹಿಂಡಿನಲ್ಲೇ ಚೆನ್ನಾಗಿ ತಿಂದು ಚೆನ್ನಾಗಿ ಬೆಳೆದ ಮರಿ. ಕಾಳು ಹೆಚ್ಚಾದಾಗ ಕರುಳಿನಲ್ಲಿ ವಿಷ ಹುಟ್ಟಿಸುವ ಬ್ಯಾಕ್ಟೀರಿಯಾ ಬೆಳೆದು ರಾತ್ರಿ ಆಡುತ್ತಿದ್ದದ್ದು ಬೆಳಗ್ಗೆ ಸತ್ತಿರುತ್ತದೆ. ಲಸಿಕೆ ಅಗ್ಗದ್ದು, ಮೇವು ಏರಿಸುವ ಮುಂಚೆಯೇ ಹಾಕಿಸಬೇಕು.

● ರಾಷ್ಟ್ರೀಯ ಜಾನುವಾರು ಮಿಷನ್ನಿನಲ್ಲಿ 100 ಹೆಣ್ಣು, 5 ಗಂಡಿನ ಕುರಿ–ಆಡು ಘಟಕಕ್ಕೆ 10 ಲಕ್ಷ ರೂಪಾಯಿವರೆಗೆ ಸಬ್ಸಿಡಿ ಇದೆ. ಐದು ಮರಿ ಕಟ್ಟುವವನಿಗೆ ಇದರಿಂದ ಏನೂ ಇಲ್ಲ. ಆತನಿಗೆ ಹೆಚ್ಚು ಉಪಯೋಗ ಕಿಸಾನ್‌ ಕ್ರೆಡಿಟ್‌ ಕಾರ್ಡ್‌. 2018–19ರ ಬಜೆಟ್ಟಿನಲ್ಲಿ ಅದನ್ನು ಪಶುಪಾಲನೆಗೂ ವಿಸ್ತರಿಸಿದರು. ಮೇವು, ಹಿಂಡಿ, ಔಷಧಿಯ ಖರ್ಚಿಗೆ ಅದರ ಮೇಲೆ ಸಾಲ ಸಿಗುತ್ತದೆ.

● 2022ರಲ್ಲಿ ಚರ್ಮಗಂಟು ರೋಗ ಹಬ್ಬಿದಾಗ ದನದ ಸಂತೆ, ಜಾತ್ರೆಗಳಿಗೆ ತಡೆ ಬಿತ್ತು. ಮಾರಲು ಸಿದ್ಧವಾದ ಜೋಡಿ ಕೊಟ್ಟಿಗೆಯಲ್ಲೇ ನಿಂತು ತಿನ್ನುತ್ತಲೇ ಹೋದರೆ ಲಾಭ ಯಾವ ದಾರಿ ಹಿಡಿಯಬೇಕು? ಕಾಲುಬಾಯಿ ಬೇನೆಯ ಲಸಿಕೆ ವರ್ಷಕ್ಕೆ ಎರಡು ಸಲ ಉಚಿತವಾಗಿಯೇ ಮನೆಬಾಗಿಲಿಗೆ ಬರುತ್ತದೆ. ಸೂಜಿ ಚುಚ್ಚಿದರೆ ಎತ್ತು ಸೊರಗುತ್ತದೆ ಎಂದು ಹಿತ್ತಲಿಗೆ ಅಟ್ಟುವವರು ಇನ್ನೂ ಇದ್ದಾರೆ.

● ಮನುಷ್ಯನ ಹೆಬ್ಬೆರಳ ಗುರುತಿನಂತೆ ದನದ ಮೂಗಿನ ಮೇಲಿನ ಗೆರೆಗಳೂ ಒಂದರಂತೆ ಇನ್ನೊಂದಿಲ್ಲ. ಆದರೂ ವಿಮೆಯವರು ಕೇಳುವುದು ಕಿವಿಯ ಹಳದಿ ಟ್ಯಾಗು, ಅದರಲ್ಲಿನ 12 ಅಂಕಿ. 2024ರ ತಿದ್ದುಪಡಿಯ ನಂತರ ಕೇಂದ್ರದ ಜಾನುವಾರು ವಿಮೆಯಲ್ಲಿ ರೈತ ಕಟ್ಟಬೇಕಾದ ಪಾಲು ಕಂತಿನ ಶೇ 15 ಮಾತ್ರ. ಟ್ಯಾಗು ಉದುರಿದ್ದರೆ ಪರಿಹಾರದ ಮಾತೇ ಇಲ್ಲ. ಜೋಡಿ ಕೈ ಬದಲಾದ ದಿನ ಹಗ್ಗ ಕೊಟ್ಟು ಹಣ ಎಣಿಸಿಕೊಂಡರೆ ವ್ಯಾಪಾರ ಮುಗಿಯಿತೆಂದು ಹೆಚ್ಚಿನವರು ತಿಳಿಯುತ್ತಾರೆ. ಪಶು ಆಸ್ಪತ್ರೆಗೆ ಹೋಗಿ ಆ ಸಂಖ್ಯೆಯ ಮುಂದಿನ ಮಾಲೀಕನ ಹೆಸರು ಬದಲಿಸುವವರೆಗೂ ಸರ್ಕಾರದ ಕಡತದಲ್ಲಿ ಎತ್ತು ಹಳೆಯ ಮಾಲೀಕನದೇ.